ಋತುವಿಗೊಂದು ಕೆಲಸ, ಮಗುವಿಗೊಂದು ಪಾಲು

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಕ್ಕಳಿಗೆ ಸಮಯ ಕೊಡಲಾಗುತ್ತಿಲ್ಲ ಎಂಬ ಕೊರಗಿನಿಂದ ಪ್ರತಿ ಋತುವಿಗೂ ಚಟುವಟಿಕೆಗಳ ಪಟ್ಟಿ ಮಾಡಿ, ಬೇಕಾದ ಸಾಮಗ್ರಿಗಳನ್ನೆಲ್ಲ ತಂದು, ರಜೆಯ ದಿನ ಎಲ್ಲರೂ ಸೇರಿ ಕೂರುತ್ತೇವೆ. ಕಾಲು ಗಂಟೆ ಕಳೆಯುವುದರೊಳಗೆ ಮಗಳಿಗೆ ಬೇಸರ, ಮಗನಿಗೆ ಹಟ, ನಮಗೆ ಸಿಟ್ಟು. ಬಿಸಿಲು, ಮಳೆ, ಚಳಿ ಹೆಚ್ಚಾದ ದಿನಗಳಲ್ಲಂತೂ ಇಬ್ಬರ ಕೈಯಲ್ಲೂ ಫೋನೇ. ಮಕ್ಕಳ ಬೆಳವಣಿಗೆಗೆ ನಿಜವಾಗಿ ಸಹಾಯವಾಗುವ ಋತುಮಾನದ ಚಟುವಟಿಕೆಗಳು ಯಾವುವು? ಮಗನ ಹಟದ ಬಗ್ಗೆ ಚಿಂತಿಸಬೇಕೇ?

ಉತ್ತರ: ನಿಮ್ಮ ಪಟ್ಟಿಯ ಅರ್ಧಕ್ಕಿಂತ ಹೆಚ್ಚನ್ನು ಧಾರಾಳವಾಗಿ ಕೈಬಿಡಬಹುದು. ಋತುಮಾನದ ಚಟುವಟಿಕೆ ಎಂದೊಡನೆ ಬಣ್ಣದ ಕಾಗದ, ಅಂಟು, ಕತ್ತರಿ, ಕೊನೆಗೆ ಗೋಡೆಗೆ ತೂಗುಹಾಕಬಹುದಾದ ಒಂದು ಚೆಂದದ ವಸ್ತು ನಮ್ಮ ಕಣ್ಣಮುಂದೆ ಬರುತ್ತದೆ. ಇಂಥ ಕೆಲಸಗಳಲ್ಲಿ ಯೋಚಿಸುವವರು, ಅಳತೆ ಹಿಡಿಯುವವರು, ಕತ್ತರಿಸುವವರು, ಕೆಟ್ಟರೆ ಸರಿಪಡಿಸುವವರು ಎಲ್ಲರೂ ದೊಡ್ಡವರೇ ಆಗಿರುವುದರಿಂದ ಮಗುವಿನ ಪಾಲಿಗೆ ಉಳಿಯುವುದು ಹೇಳಿದ ಜಾಗದಲ್ಲಿ ಅಂಟಿಸುವುದು ಮಾತ್ರ. ಒಂಬತ್ತರ ಹುಡುಗಿಗೆ ಅದು ಬೇಸರ ತರಿಸುವುದೂ ನಾಲ್ಕರ ಹುಡುಗ ಕತ್ತರಿಯೇ ಬೇಕೆಂದು ಹಟ ಹಿಡಿಯುವುದೂ ಸಹಜವೇ. ನನ್ನ ಸಲಹೆ ಬೇರೆ ದಿಕ್ಕಿನದು. ಋತು ಬದಲಾದಾಗ ಮನೆಯಲ್ಲಿ ಹೇಗಿದ್ದರೂ ಮಾಡಲೇಬೇಕಾದ ಕೆಲಸಗಳು ಕೆಲವಿರುತ್ತವೆ. ಅವುಗಳಲ್ಲಿ ಒಂದೆರಡನ್ನು ಆರಿಸಿಕೊಳ್ಳಿ, ಪ್ರತಿಯೊಂದರಲ್ಲೂ ನಿಜವಾದ ಒಂದು ಪಾಲನ್ನು ಮಕ್ಕಳಿಗೆ ಬಿಟ್ಟುಕೊಡಿ, ಆ ಪಾಲು ವರ್ಷದಿಂದ ವರ್ಷಕ್ಕೆ ದೊಡ್ಡದಾಗುವಂತೆ ನೋಡಿಕೊಳ್ಳಿ.

ಇದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಬ್ಯಾಂಕ್ 2018ರಲ್ಲಿ ಎಳೆಯ ಮಕ್ಕಳ ಬೆಳವಣಿಗೆಗಾಗಿ ಪ್ರಕಟಿಸಿದ ಆರೈಕೆಯ ಚೌಕಟ್ಟು ಐದು ಅಂಶಗಳನ್ನು ಹೇಳುತ್ತದೆ: ಒಳ್ಳೆಯ ಆರೋಗ್ಯ, ಸಾಕಷ್ಟು ಪೋಷಣೆ, ಸುರಕ್ಷತೆ, ಕಲಿಕೆಯ ಅವಕಾಶ ಮತ್ತು ಸ್ಪಂದಿಸುವ ಆರೈಕೆ. ಈ ಕೊನೆಯದನ್ನು ಹಣ ಕೊಟ್ಟು ತರಲಾಗುವುದಿಲ್ಲ. ಮಗು ಏನನ್ನೋ ಬೆರಳು ಮಾಡಿ ತೋರಿಸುತ್ತದೆ, ದೊಡ್ಡವರು ಆ ಕಡೆ ನೋಡಿ ಒಂದು ಮಾತು ಸೇರಿಸುತ್ತಾರೆ, ಮಗು ಮತ್ತೇನನ್ನೋ ಹೇಳುತ್ತದೆ. ಹೀಗೆ ಹೋಗಿ ಬರುವ ಮಾತು ಮತ್ತು ನೋಟದ ಮೂಲಕವೇ ಭಾಷೆಯೂ ಗಮನವೂ ನಂಬಿಕೆಯೂ ಬೆಳೆಯುತ್ತವೆ. ಪಟ್ಟಿ ಹಿಡಿದು ಕೂತಾಗ ನಮ್ಮ ಗಮನವೆಲ್ಲ ಮುಗಿಸಬೇಕಾದ ವಸ್ತುವಿನ ಮೇಲಿರುತ್ತದೆ. ಮಗು ತೋರಿಸಿದ್ದನ್ನು ನೋಡಲು ಪುರಸೊತ್ತಿರುವುದಿಲ್ಲ.

ಋತುಮಾನದ ಕೆಲಸಗಳಿಗೆ ಇನ್ನೊಂದು ಗುಣವಿದೆ. ಅವು ಮರಳಿ ಬರುತ್ತವೆ, ಆದರೆ ಮರಳಿ ಬರುವ ಹೊತ್ತಿಗೆ ಮಗು ಬದಲಾಗಿರುತ್ತದೆ. ಕುಟುಂಬದ ದಿನಚರಿ ಮತ್ತು ಆಚರಣೆಗಳ ಬಗ್ಗೆ ಐವತ್ತು ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ, ಇವು ಮಕ್ಕಳ ಆರೋಗ್ಯ, ಹೊಂದಾಣಿಕೆ, ಶಾಲೆಯ ಕಲಿಕೆ ಮತ್ತು ಕುಟುಂಬದೊಳಗಿನ ಬಾಂಧವ್ಯದೊಂದಿಗೆ ಬೆಸೆದುಕೊಂಡಿರುವುದು ಕಂಡುಬಂದಿತು. ಅವರು ಎರಡನ್ನೂ ಬೇರ್ಪಡಿಸಿ ನೋಡುತ್ತಾರೆ: ದಿನಚರಿ ಎಂದರೆ ಏನೇನು ಆಗಬೇಕೆಂಬುದರ ವ್ಯವಸ್ಥೆ, ಆಚರಣೆ ಎಂದರೆ ನಾವು ಯಾರು ಎಂಬ ಭಾವ. ದಪ್ಪ ಬಟ್ಟೆಗಳನ್ನು ಮಡಿಸಿ ಒಳಗಿಡುವುದು ಬರೀ ದಿನಚರಿಯಾಗಿರಬಹುದು. ಪ್ರತಿ ವರ್ಷ ಅದನ್ನು ಒಟ್ಟಿಗೆ ಮಾಡುತ್ತ, ಯಾರ ತೋಳು ಎಷ್ಟು ಉದ್ದವಾಗಿದೆ ಎಂದು ಹೋದ ವರ್ಷದ ಅಂಗಿಯಲ್ಲಿ ಅಳೆದು ನೋಡುವ ಮನೆಯಲ್ಲಿ ಅದೇ ಆಚರಣೆಯಾಗುತ್ತದೆ.

ನಾಲ್ಕು ವರ್ಷದ ಮಗುವಿಗೆ ಇದರಿಂದ ಮತ್ತೊಂದು ಲಾಭ. ಈ ವಯಸ್ಸಿನಲ್ಲಿ 'ನಿನ್ನೆ' ಎಂಬುದು ಕಳೆದುಹೋದ ಯಾವ ದಿನವೂ ಆಗಬಹುದು. ತಿಂಗಳ ಹೆಸರುಗಳನ್ನು ಬಾಯಿಪಾಠ ಮಾಡಿದರೂ ಅವುಗಳ ನಡುವಿನ ದೂರ ತಿಳಿಯುವುದು ಬಹಳ ತಡವಾಗಿ. 'ಮೊದಲ ಮಳೆ ಬಂದಾಗ ನಾವು ಪಾಗಾರದ ಮೇಲಿನ ಕುಂಡಗಳನ್ನು ಒಳಗೆ ತಂದೆವಲ್ಲ' ಎಂಬ ನೆನಪು ಸಿಕ್ಕರೆ ಕಾಲವನ್ನು ಹಿಡಿದುಕೊಳ್ಳಲು ಅದಕ್ಕೊಂದು ಗೂಟ ಸಿಕ್ಕಂತೆ.

ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ: ಬಟ್ಟೆ ಒಣಗಿಸುವುದು. ಬಿಸಿಲಿನ ಕಾಲದಲ್ಲಿ ಹೊರಗೆ, ಮಳೆಗಾಲದಲ್ಲಿ ಒಳಗೆ, ಚಳಿಗಾಲದಲ್ಲಿ ಬಿಸಿಲು ಬೀಳುವ ಮೂಲೆಯನ್ನು ಹುಡುಕಿಕೊಂಡು. ಯಾವ ಋತುವೂ ಈ ಕೆಲಸಕ್ಕೆ ರಜೆ ಕೊಡುವುದಿಲ್ಲ. ಮಗನ ಎದೆಯ ಎತ್ತರಕ್ಕೆ ಒಂದು ಹಗ್ಗ ಕಟ್ಟಿ, ಕಾಲುಚೀಲ ಮತ್ತು ಕರವಸ್ತ್ರಗಳ ಬುಟ್ಟಿಯನ್ನು ಅವನಿಗೆ ಒಪ್ಪಿಸಿ. (ಬಳಸದ ಹೊತ್ತಿನಲ್ಲಿ ಹಗ್ಗವನ್ನು ಬಿಚ್ಚಿಡಿ, ಆ ಎತ್ತರದ ಹಗ್ಗ ಕುತ್ತಿಗೆಗೆ ಸಿಕ್ಕಿಕೊಳ್ಳುವ ಅಪಾಯವಿದೆ.) ಕ್ಲಿಪ್ಪನ್ನು ಒತ್ತಿ ತೆರೆಯಲು ಹೆಬ್ಬೆರಳು ಮತ್ತು ತೋರುಬೆರಳಿನ ಬಲ ಬೇಕು, ಪೆನ್ಸಿಲ್ ಹಿಡಿಯುವಾಗಲೂ ಗುಂಡಿ ಹಾಕಿಕೊಳ್ಳುವಾಗಲೂ ಬೇಕಾಗುವ ಬೆರಳುಗಳು ಅವೇ. ಒಂದು ಕೈ ಬಟ್ಟೆಯನ್ನು ಅಲುಗದಂತೆ ಹಿಡಿದಿರುವಾಗ ಇನ್ನೊಂದು ಕೈ ಕ್ಲಿಪ್ ಹಾಕಬೇಕು. ಎರಡು ಕೈಗಳು ಬೇರೆ ಬೇರೆ ಕೆಲಸವನ್ನು ಒಂದೇ ಗುರಿಗಾಗಿ ಮಾಡುವ ಈ ಹೊಂದಾಣಿಕೆ ಆ ವಯಸ್ಸಿನಲ್ಲಿ ಇನ್ನೂ ಕುದುರುತ್ತಿರುತ್ತದೆ. ಒಂದು ಕಾಲುಚೀಲದ ಜೊತೆಯನ್ನು ಹುಡುಕುವುದು ವಿಂಗಡಣೆಯ ಪಾಠ. ಕ್ಲಿಪ್ ಜಾರಿ ಕಾಲುಚೀಲ ನೆಲಕ್ಕೆ ಬಿದ್ದಾಗ ಮತ್ತೆ ಎತ್ತಿಕೊಳ್ಳುವುದು ತಾಳ್ಮೆಯ ಪಾಠ, ಅದೂ ಯಾರ ಉಪದೇಶವೂ ಇಲ್ಲದೆ. ನೀವು ಪಕ್ಕದಲ್ಲಿ ನಿಂತು ದೊಡ್ಡ ಬಟ್ಟೆಗಳನ್ನು ಹರವುತ್ತ, 'ಇವುಗಳಲ್ಲಿ ಯಾವುದು ಮೊದಲು ಒಣಗಬಹುದು?' ಎಂದು ಕೇಳಿದರೆ ಸಾಕು. ತೆಳು ಬಟ್ಟೆಯೋ ದಪ್ಪದ್ದೋ, ಗಾಳಿಗೆ ಇಟ್ಟದ್ದೋ ಮೂಲೆಯದ್ದೋ ಎಂದು ಅವನು ಊಹಿಸುತ್ತಾನೆ, ಸಂಜೆ ಹೋಗಿ ಮುಟ್ಟಿ ನೋಡುತ್ತಾನೆ. ಮಳೆಗಾಲದಲ್ಲಿ ಅದೇ ಕಾಲುಚೀಲ ಮಾರನೆಯ ದಿನವೂ ಒಣಗದಿದ್ದಾಗ, ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬಟ್ಟೆಯ ನೀರು ಹೋಗಲು ಜಾಗವಿಲ್ಲ ಎಂಬ ವಿವರಣೆ ಅವನ ಕೈಗೇ ತಾಕುತ್ತದೆ. ವಿಜ್ಞಾನದ ಕಿಟ್ ಒಂದರಲ್ಲಿ ಇಷ್ಟೆಲ್ಲ ಸಿಗುವುದು ಅನುಮಾನ.

ಅವನು ಹಾಕಿದ ಕಾಲುಚೀಲ ಸೊಟ್ಟಗಿರುತ್ತದೆ. ಅವನೆದುರಿಗೇ ಅದನ್ನು ಸರಿಮಾಡಬೇಡಿ. ಅವನು ಹೋದ ಮೇಲೂ ಸರಿಮಾಡದಿರುವುದು ಇನ್ನೂ ಉತ್ತಮ. ಸೊಟ್ಟಗಿದ್ದರೂ ಬಟ್ಟೆ ಒಣಗುತ್ತದೆ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಅಂತರದಲ್ಲಿಯೇ ಕಲಿಕೆ ನಡೆಯುತ್ತದೆ ಎಂದಿದ್ದರು. ಮಾಡಲು ಬರುವುದನ್ನೇ ಮಾಡಿಸಿದರೆ ಬೇಸರ, ತೀರ ಮೀರಿದ್ದನ್ನು ಕೊಟ್ಟರೆ ಅಳು. ಒಂದೇ ಕೆಲಸವನ್ನು ನಾಲ್ಕರ ಮಗನಿಗೂ ಒಂಬತ್ತರ ಮಗಳಿಗೂ ಕೊಟ್ಟಾಗ ನಿಮ್ಮ ಮನೆಯಲ್ಲಿ ಎರಡೂ ಏಕಕಾಲಕ್ಕೆ ನಡೆದಿರುವುದು ಆಶ್ಚರ್ಯವೇನಲ್ಲ. ಒಂದೇ ಕೆಲಸದಲ್ಲಿ ಎರಡು ಪಾಲು ಮಾಡಿ. ಗಿಡಗಳ ವಿಷಯವನ್ನೇ ತೆಗೆದುಕೊಂಡರೆ, ಮಗ ಪುಟ್ಟ ತಂಬಿಗೆಯಿಂದ ನೀರು ಹಾಕಲಿ. ಯಾವ ಕುಂಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬೇಕು, ಮಣ್ಣಿನಲ್ಲಿ ಬೆರಳಿಟ್ಟು ನೋಡಿ ಬೇಡವೆನ್ನಿಸಿದರೆ ಬಿಡಬೇಕೇ ಎಂಬ ನಿರ್ಧಾರ ಮಗಳದ್ದಾಗಲಿ. ನಿರ್ಧಾರ ಎಂದ ಮೇಲೆ ಅದು ನಿಜಕ್ಕೂ ಅವಳದ್ದೇ ಆಗಿರಬೇಕು, ಒಂದು ಗಿಡ ಬಾಡಿದರೂ ಸರಿಯೇ.

ನಿಮ್ಮ ಮಗಳ ಬೇಸರಕ್ಕೆ ನನಗೆ ಕಾಣುವ ಪರಿಹಾರವೂ ಇದೇ. ಒಂಬತ್ತು ವರ್ಷದವರಿಗೆ ಆಟವಾಡಿಸಿಕೊಳ್ಳುವುದು ರುಚಿಸುವುದಿಲ್ಲ. ತಮ್ಮ ಮೇಲೆ ಮನೆ ನೆಚ್ಚಿಕೊಂಡಿದೆ ಎಂಬುದು ರುಚಿಸುತ್ತದೆ. ಮನೆಯ ಹವಾಮಾನದ ಲೆಕ್ಕ ಅವಳಿಗೆ ಬಿಡಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಸಮತಟ್ಟಾದ ಒಂದು ಪಾತ್ರೆಯನ್ನು ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದರೆ ಅದೇ ಆ ದಿನದ ಮಳೆಯ ಪ್ರಮಾಣ. 1 ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು ಎಂಬುದು ತಿಳಿದಾಗ, ಮನೆಯ ಮಾಡಿನ ಮೇಲೆ ಬಿದ್ದದ್ದೆಷ್ಟು ಎಂದು ಅವಳೇ ಗುಣಿಸಿ ನೋಡುತ್ತಾಳೆ. ಇನ್ನೊಂದು ಕೆಲಸ ನೆರಳಿನದು: ನೆಲಕ್ಕೆ ನೇರವಾಗಿ ನಿಲ್ಲಿಸಿದ ಒಂದು ಕೋಲಿನ ನೆರಳನ್ನು ಪ್ರತಿ ತಿಂಗಳು ಒಂದೇ ತಾರೀಕು, ಒಂದೇ ಹೊತ್ತಿಗೆ ಗುರುತು ಮಾಡುವುದು. ವರ್ಷ ತುಂಬುವಷ್ಟರಲ್ಲಿ ನೆರಳು ಉದ್ದವಾಗಿ, ಗಿಡ್ಡವಾಗಿ, ದಿಕ್ಕನ್ನೂ ಒಂದಿಷ್ಟು ಬದಲಿಸಿ ಮರಳುವುದನ್ನು ಕಂಡವರಿಗೆ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಋತುಗಳಾಗುತ್ತವೆ ಎಂಬ ಮಾತು ಪಠ್ಯದ ಸಾಲಾಗಿ ಉಳಿಯುವುದಿಲ್ಲ. ಸೂರ್ಯ ಹತ್ತಿರ ಬಂದಾಗ ಬೇಸಿಗೆ ಎಂದು ನಂಬಿರುವ ದೊಡ್ಡವರು ಇಂದಿಗೂ ಬೇಕಾದಷ್ಟಿದ್ದಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ ಎಂದು ಅವರಿಗೆ ತಿಳಿಸುವ ಸಂತೋಷವೂ ಅವಳಿಗೆ ಸಿಗಲಿ.

ಇನ್ನು ಹೊರಗೆ ಹೋಗುವ ಮಾತು. ಮನೆಯೊಳಗೆ ಎಷ್ಟೇ ಒಳ್ಳೆಯ ಚಟುವಟಿಕೆ ಮಾಡಿಸಿದರೂ ಹೊರಗಿನ ಬೆಳಕಿಗೆ ಅದು ಬದಲಿಯಾಗದು. ದೀಪ ಹಚ್ಚಿದ ಕೋಣೆಯಲ್ಲಿ ಬೆಳಕು ಸಾಮಾನ್ಯವಾಗಿ 100ರಿಂದ 500 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಇದ್ದರೆ ಬಿಸಿಲಿನ ದಿನ ಹೊರಗೆ 10,000 ಲಕ್ಸ್ ಮೀರುತ್ತದೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಒಳಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳ ಒಂದನೆಯ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಶಾಲೆಗಳವರಿಗೆ ಪ್ರತಿ ಶಾಲಾದಿನ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದಲ್ಲಿ ಕಳೆಯುವ ವ್ಯವಸ್ಥೆ ಮಾಡಿ ಮೂರು ವರ್ಷ ಗಮನಿಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೊಸದಾಗಿ ಸಮೀಪದೃಷ್ಟಿ ದೋಷ (ದೂರದ್ದು ಮಸುಕಾಗಿ ಕಾಣುವುದು) ಬಂದದ್ದು ಆ ಮಕ್ಕಳಲ್ಲಿ 30.4 ಶೇಕಡ, ಉಳಿದವರಲ್ಲಿ 39.5 ಶೇಕಡ. ಪ್ರಖರ ಬೆಳಕಿನಿಂದ ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಿ, ಅದು ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಈಗ ಹೆಚ್ಚು ಮನ್ನಣೆ ಪಡೆದಿರುವ ವಿವರಣೆ. ಹೊರಗೆ ಹೋಗಿ ಮಕ್ಕಳು ಏನು ಮಾಡಬೇಕು ಎಂದು ನೀವು ಯೋಜಿಸಬೇಕಾಗಿಲ್ಲ ಎನ್ನುವುದನ್ನು ಇಲ್ಲಿ ಗಮನಿಸಿ. ಹೊರಗೆ ಇರುವುದೇ ಕೆಲಸ.

ಓಡಾಟದ ಅಳತೆಯನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ನಿಮ್ಮ ಮಗನ ವಯಸ್ಸಿನವರು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಅಲುಗಿಸುತ್ತಿರಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಿರಬೇಕು. ಕೂತು ಪರದೆ ನೋಡುವುದು 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮಗಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕು ಚಟುವಟಿಕೆ ಬೇಕು. 180 ನಿಮಿಷ ಎಂದು ಓದಿ ಗಾಬರಿಯಾಗಬೇಡಿ. ಇದು ದಿನವಿಡೀ ಬಿಡಿಬಿಡಿಯಾಗಿ ಸೇರುವ ಲೆಕ್ಕ. ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದು, ಉದುರಿದ ಎಲೆಗಳನ್ನು ಗುಡ್ಡೆ ಹಾಕಿ ಅದರ ಮೇಲೆಯೇ ಹಾರಿ ಮತ್ತೆ ಗುಡಿಸಿದ್ದು, ಎಲ್ಲವೂ ಇದರೊಳಗೆ ಬರುತ್ತವೆ.

ಹವಾಮಾನ ಕೆಟ್ಟಿತೆಂದು ಮನೆಯೊಳಗೇ ಉಳಿಯುವ ನಿಮ್ಮ ರೂಢಿಯನ್ನು ಸ್ವಲ್ಪ ಸಡಿಲಿಸಬಹುದು. ಮಳೆಯಲ್ಲಿ ನೆನೆದ ಮಾತ್ರಕ್ಕೆ ನೆಗಡಿ ಬರುವುದಿಲ್ಲ. ಅದನ್ನು ತರುವುದು ವೈರಸ್, ಮತ್ತು ಅದು ಹೆಚ್ಚಾಗಿ ಹರಡುವುದು ಬಾಗಿಲು ಕಿಟಕಿ ಮುಚ್ಚಿ ಒಟ್ಟಿಗೆ ಕೂತಾಗ. ನೆನೆದು ಬಂದೊಡನೆ ಒಣ ಬಟ್ಟೆಗೆ ಬದಲಾಯಿಸಿದರೆ ಆಯಿತು. ಆದರೆ ಗುಡುಗು ಕೇಳಿಸಿದರೆ ತಕ್ಷಣ ಒಳಗೆ ಬರಬೇಕು, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಹೋಗಕೂಡದು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಅಥವಾ ಬಿಸಿಲಿಳಿದ ಮೇಲೆ ಹೊರಡಿ; ಬಿಸಿಲಿನ ಅತಿನೇರಳೆ ಕಿರಣಗಳ ತೀವ್ರತೆ ತಿಳಿಸುವ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಟೋಪಿ, ಮೈ ಮುಚ್ಚುವ ಬಟ್ಟೆ, ನೆರಳು ಬೇಕು. ಆಟದ ಹುರುಪಿನಲ್ಲಿ ಮಕ್ಕಳಿಗೆ ಬಾಯಾರಿದ್ದೇ ತಿಳಿಯುವುದಿಲ್ಲವಾದ್ದರಿಂದ ಕೇಳುವ ಮುಂಚೆಯೇ ನೀರು ಕೊಡಬೇಕು. ನೀರಾಟದ ವಿಷಯದಲ್ಲಿ ಮಾತ್ರ ಸಡಿಲಿಕೆಯಿಲ್ಲ: ಎಳೆಯ ಮಗು ಮುಳುಗಲು ಕೆಲವೇ ಸೆಂಟಿಮೀಟರ್ ನೀರು ಸಾಕು, ಮುಳುಗುವಾಗ ಸದ್ದೂ ಆಗುವುದಿಲ್ಲ. ಆದ್ದರಿಂದ ಒಬ್ಬ ದೊಡ್ಡವರು ಕೈಚಾಚಿದರೆ ಸಿಗುವಷ್ಟು ಹತ್ತಿರವಿರಬೇಕು, ಅಕ್ಕನನ್ನು ಕಾವಲಿಗೆ ಬಿಡುವಂತಿಲ್ಲ, ಆಟ ಮುಗಿದೊಡನೆ ಬಕೆಟ್ಟು ಟಬ್ಬುಗಳನ್ನು ಬರಿದು ಮಾಡಿ ಬೋರಲು ಹಾಕಬೇಕು.

ಋತುವಿನೊಂದಿಗೆ ನಿದ್ದೆಯೂ ಅಲುಗುತ್ತದೆ ಎಂಬುದನ್ನು ಅನೇಕ ಪೋಷಕರು ಮರೆಯುತ್ತಾರೆ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, ನಿಮ್ಮ ಮಗಳ ವಯಸ್ಸಿನವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಹಗಲು ಉದ್ದವಾಗಿರುವ ಕಾಲದಲ್ಲಿ, ಅದರಲ್ಲೂ ಶಾಲೆಗೆ ರಜೆಯಿರುವಾಗ, ಮಲಗುವ ಹೊತ್ತು ದಿನದಿಂದ ದಿನಕ್ಕೆ ಜಾರುತ್ತದೆ. ಸಂಜೆಯ ಪ್ರಖರ ಬೆಳಕು ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಸ್ರವಿಸುವುದನ್ನು ತಡೆಯುತ್ತದೆ, ಈ ಪರಿಣಾಮ ಚಿಕ್ಕ ಮಕ್ಕಳಲ್ಲಿ ದೊಡ್ಡವರಿಗಿಂತ ತೀವ್ರ. ಮಲಗುವುದಕ್ಕೆ ಒಂದು ಗಂಟೆ ಮೊದಲು ಕಿಟಕಿಯ ಪರದೆ ಎಳೆದು ದೀಪ ತಗ್ಗಿಸುವುದು ಯಾವ ಋತುವಿಗೂ ಸಲ್ಲುವ ಕೆಲಸ, ಮಗನೇ ಮಾಡಬಹುದಾದದ್ದು. ರಜೆಯಲ್ಲಿ ಮಕ್ಕಳು ಹೆಚ್ಚು ಓಡಾಡಿ ಆರೋಗ್ಯವಾಗಿರುತ್ತಾರೆಂದು ನಾವು ತಿಳಿದಿದ್ದರೂ, ಅಮೆರಿಕದ ಅಧ್ಯಯನಗಳಲ್ಲಿ ಶಾಲೆಯ ದಿನಗಳಿಗಿಂತ ಬೇಸಿಗೆ ರಜೆಯಲ್ಲಿಯೇ ಮಕ್ಕಳ ತೂಕ ಬೇಗ ಏರಿರುವುದು ಕಂಡುಬಂದಿದೆ. ಏಳುವ, ಉಣ್ಣುವ, ಮಲಗುವ ಹೊತ್ತುಗಳಿಗೆ ಹಿಡಿತ ತಪ್ಪುವುದೇ ಇದಕ್ಕೆ ಮುಖ್ಯ ಕಾರಣವಿರಬಹುದು ಎಂದು ಸಂಶೋಧಕರು ಊಹಿಸುತ್ತಾರೆ. ರಜೆಗೆಂದು ಹತ್ತು ಹೊಸ ಚಟುವಟಿಕೆ ಹುಡುಕುವ ಮೊದಲು ಈ ಮೂರು ಹೊತ್ತುಗಳನ್ನು ಕಾಪಾಡಿಕೊಳ್ಳಿ ಎನ್ನುವೆ.

ಕೆಲಸ ಮುಗಿದ ಮೇಲೆ ಅದರ ಬಗ್ಗೆ ಆಡುವ ಮಾತು ಕೆಲಸದಷ್ಟೇ ಮುಖ್ಯ. ಮನಶ್ಶಾಸ್ತ್ರಜ್ಞೆಯರಾದ ರಾಬಿನ್ ಫೈವುಶ್, ಎಲೇನ್ ರೀಸ್ ಮುಂತಾದವರ ಸಂಶೋಧನೆಗಳು ತೋರಿಸುವಂತೆ, ನಡೆದದ್ದನ್ನು ವಿವರವಾಗಿ, ತೆರೆದ ಪ್ರಶ್ನೆಗಳೊಂದಿಗೆ ನೆನಪಿಸಿಕೊಳ್ಳುವ ತಾಯಂದಿರ ಮಕ್ಕಳು ಮುಂದೆ ತಮ್ಮ ಅನುಭವಗಳನ್ನು ಹೆಚ್ಚು ಸಮೃದ್ಧವಾಗಿ ನೆನೆದು ಹೇಳಬಲ್ಲವರಾಗುತ್ತಾರೆ. ತಂದೆಯಂದಿರು, ಅಜ್ಜ ಅಜ್ಜಿಯರು ಕೂಡ ಇದನ್ನು ರೂಢಿಸಿಕೊಳ್ಳಬಹುದು. 'ಇವತ್ತು ಮಳೆ ಬಂತಲ್ಲ?' ಎಂದರೆ ಮಗು 'ಹೂಂ' ಎಂದು ಸುಮ್ಮನಾಗುತ್ತದೆ. 'ಮಳೆ ಜೋರಾದಾಗ ನಿನ್ನ ಬುಟ್ಟಿಗೆ ಏನಾಯಿತು?' ಎಂದು ಕೇಳಿ. ಅವನು 'ಹಾರಿಹೋಯ್ತು' ಎಂದಾಗ 'ಹೌದಲ್ಲ, ಗಾಳಿಗೆ ಹಾರಿ ಗೇಟಿನ ತನಕ ಉರುಳಿತು, ನಿನಗೆ ಮೊದಲು ಭಯವಾಯಿತು, ಆಮೇಲೆ ನಗು ಬಂತು. ಅಕ್ಕ ಏನು ಮಾಡಿದಳು?' ಎಂದು ಮುಂದುವರಿಸಿ. ಅವನ ಒಂದು ಪದಕ್ಕೆ ನೀವು ನಾಲ್ಕು ಪದ ಸೇರಿಸಿದಿರಿ, ಅವನಿಗಾದ ಭಾವಕ್ಕೆ ಹೆಸರು ಕೊಟ್ಟಿರಿ, ಮತ್ತೆ ಮಾತನ್ನು ಅವನಿಗೇ ಒಪ್ಪಿಸಿದಿರಿ. ಊಟದ ಹೊತ್ತಿನಲ್ಲಿಯೋ ಮಲಗುವ ಮುಂಚೆಯೋ ಐದು ನಿಮಿಷ ಸಿಕ್ಕರೂ ಸಾಕು. ಕೆಲಸಕ್ಕೆ ಹೋಗುವ ತಂದೆ ತಾಯಿಗೆ ಇದಕ್ಕಿಂತ ಕೈಗೆಟಕುವ ಚಟುವಟಿಕೆ ನನಗೆ ತಿಳಿದಿಲ್ಲ.

ಫೋನಿನ ಮಾತು ಚಿಕ್ಕದು. ಕಿತ್ತುಕೊಂಡು ಕೈಯನ್ನು ಬರಿದು ಬಿಟ್ಟರೆ ಅದು ಮತ್ತೆ ಫೋನಿಗೇ ಹೋಗುತ್ತದೆ. ಹೊತ್ತನ್ನು ಮೊದಲೇ ಗೊತ್ತುಮಾಡಿ, ಅದು ಮುಗಿಯುವ ಸಮಯಕ್ಕೆ ಸರಿಯಾಗಿ ಮಕ್ಕಳ ಪಾಲಿನ ಕೆಲಸ ಬರುವಂತೆ ದಿನವನ್ನು ಜೋಡಿಸಿ, ಆ ಹೊತ್ತಿನಲ್ಲಿ ನಿಮ್ಮ ಫೋನನ್ನೂ ದೂರವಿಡಿ. ಅದಾದ ಮೇಲೂ ಮಗಳು 'ಬೋರ್' ಎಂದರೆ ಎನ್ನಲಿ ಬಿಡಿ. ಬೇಸರವನ್ನು ಕೂಡಲೇ ತುಂಬುವ ಹೊಣೆ ನಿಮ್ಮದಲ್ಲ.

ಕೊನೆಯದಾಗಿ ಮಗನ ಹಟ. ಬೇಕೆನಿಸಿದ್ದನ್ನು ತಡೆದುಕೊಳ್ಳುವ, ಸರದಿಗೆ ಕಾಯುವ ಶಕ್ತಿ ಮೂರರಿಂದ ಐದು ವರ್ಷದ ನಡುವೆ ವೇಗವಾಗಿ ಬೆಳೆಯುತ್ತಿರುತ್ತದೆ. ನಾಲ್ಕರಲ್ಲಿ ಅದು ಇನ್ನೂ ಅರ್ಧಂಬರ್ಧ. ಹಸಿವು, ನಿದ್ದೆ, ಸೆಕೆ ಇವುಗಳಲ್ಲಿ ಯಾವುದಾದರೊಂದು ಸೇರಿಕೊಂಡರೆ ಆ ಅರ್ಧವೂ ಹೋಗುತ್ತದೆ. ಕತ್ತರಿಗಾಗಿ ಅಳುವ ಮಗುವಿಗೆ ಮೊನೆಯಿಲ್ಲದ ಮಕ್ಕಳ ಕತ್ತರಿಯನ್ನೂ ಕತ್ತರಿಸಿ ಹಾಳುಮಾಡಲು ಒಂದಿಷ್ಟು ಹಳೆಯ ಕಾಗದವನ್ನೂ ಕೊಟ್ಟರೆ ಹಟದ ಕಾರಣವೇ ಹೋಗಬಹುದು. ನಿಲ್ಲಿಸಬೇಕಾದಾಗ ಐದು ನಿಮಿಷ ಮೊದಲೇ ತಿಳಿಸಿ, ಅತ್ತರೆ ಹತ್ತಿರವಿರಿ, ಆದರೆ ಹೇಳಿದ ಮಾತನ್ನು ಬದಲಿಸಬೇಡಿ. ನೀವು ಬರೆದಿರುವಷ್ಟರಿಂದ ನನಗೆ ಆತಂಕದ ಸುಳಿವೇನೂ ಕಾಣುವುದಿಲ್ಲ. ಹಟದ ಅಬ್ಬರ ದಿನಕ್ಕೆ ಹಲವು ಬಾರಿ ಬಂದು ಪ್ರತಿಸಲ ಬಹಳ ಹೊತ್ತು ಇಳಿಯದಿದ್ದರೆ, ತನಗೋ ಇತರರಿಗೋ ಪೆಟ್ಟಾಗುವಂತೆ ವರ್ತಿಸಿದರೆ, ಮನೆಯ ಹೊರಗಿನವರಿಗೆ ಅವನ ಮಾತು ಬಹುಪಾಲು ಅರ್ಥವಾಗದಿದ್ದರೆ, ಅಥವಾ ಮೊದಲು ಬರುತ್ತಿದ್ದ ಮಾತು, ಆಟ, ಕೌಶಲ ಹಿಂದೆ ಸರಿದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕೊನೆಯದು ಕಂಡುಬಂದಲ್ಲಿ ಕಾಯದೆ ತೋರಿಸಿ. ಮಗಳ ವಿಷಯದಲ್ಲಿ, ಬೇಸರ ಎಂಬುದು ನಿಮ್ಮ ಚಟುವಟಿಕೆಗೆ ಮಾತ್ರ ಸೀಮಿತವಾಗಿರದೆ ಗೆಳತಿಯರು, ಊಟ, ನಿದ್ದೆ, ಅವಳಿಗೆ ಇಷ್ಟವಾದ ಆಟಗಳಿಗೂ ಹಬ್ಬಿ ಎರಡು ವಾರ ಮೀರಿ ಉಳಿದರೆ, ಅದನ್ನು ಋತುವಿನ ಅಥವಾ ವಯಸ್ಸಿನ ಲೆಕ್ಕಕ್ಕೆ ಹಾಕದೆ ಅವಳನ್ನೂ ಕರೆದುಕೊಂಡು ಹೋಗಿ.